ಒಗ್ಗರಣೆ ಇಲ್ಲದ ಮನೆಗಳು

ಆರೋಗ್ಯ ಖಾತೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನ ಮನೆಗೆ ಬಂದಾಗ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಮೌಶಿ, ನಿಮ್ಮ ಕಾಲದಾಗ ಟ್ರೇನಿಂಗ್ ಹೆಂಗ ಕೊಡ್ತಿದ್ರು?" ಆಫೀಸಿನ ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಸಾಸಿವೆ ಒಗ್ಗರಣೆ ಮೂಸಿಸಿದರು ಎಂದು ಹೇಳುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮುದುಕಿಗೆ ಅರಳುಮರಳು ಹಿಡಿದಿದೆ ಎಂದುಕೊಂಡು ಚಹಾ ಕುಡಿದು ಎದ್ದು ಹೋಗುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಸಭೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಹುಡುಕಬೇಡಿ. ಅದು ಒಂದು ಸಾಲಿನಲ್ಲಿ ಮುಗಿಯುವ ಮಾತು, ಮತ್ತು ಆ ಶಾಲು ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತು.

ನಾನು ಕೆಲಸ ಮಾಡಿದ್ದು ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಕಡೆ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗಿನ್ನೂ ಸಿಡುಬು ಪೂರ್ತಿ ಹೋಗಿರಲಿಲ್ಲ. ನಮ್ಮ ಕಡೆ ಅದಕ್ಕೆ ಸಿಡುಬು ಎಂದು ಯಾರೂ ಅನ್ನುತ್ತಿರಲಿಲ್ಲ, ದೇವಿ ಎನ್ನುತ್ತಿದ್ದರು. ರೋಗ ಬಂದರೆ 'ದೇವಿ ಬಂದಾಳ'. ಅದು ಬಾರದಂತೆ ತೋಳಿಗೆ ಲಸಿಕೆ ಚುಚ್ಚಿದರೆ 'ದೇವಿ ಹಾಕೋದು'. ಚುಚ್ಚುವ ಹೆಂಗಸಾದ ನಾನು 'ದೇವಿ ಬಾಯಿ'. ರೋಗಕ್ಕೂ ಮದ್ದಿಗೂ ಸರಕಾರಿ ನೌಕರಳಿಗೂ ಒಂದೇ ಹೆಸರು ಇಟ್ಟ ಜನ ನೈವೇದ್ಯವನ್ನು ಮಾತ್ರ ಆ ಮೊದಲನೆಯವಳಿಗೇ ಕೊಡುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಬೈಗುಳ, ಒಮ್ಮೊಮ್ಮೆ ನಾಯಿ.

ನಾನು ಸೇರಿದಾಗ ನಮ್ಮ ಕೈಗೆ ಕೊಟ್ಟದ್ದು ಹಲ್ಲುಹಲ್ಲಿನ ಚಕ್ರವಿದ್ದ ಸಾಧನ. ತೋಳಿನ ಮೇಲಿಟ್ಟು ತಿರುಪಿನಂತೆ ತಿರುಗಿಸಬೇಕು. ಮಕ್ಕಳು ನನ್ನನ್ನು ಕಂಡರೆ ದನದ ಕೊಟ್ಟಿಗೆಯಲ್ಲಿ ಅಡಗುತ್ತಿದ್ದವು. ಅವುಗಳ ಜಾಗದಲ್ಲಿದ್ದರೆ ನಾನೂ ಅಡಗುತ್ತಿದ್ದೆ. ಆಮೇಲೆ ಎರಡು ಕವಲಿನ ಸಣ್ಣ ಸೂಜಿ ಬಂತು, ಔಷಧದಲ್ಲಿ ಅದ್ದಿ ತೋಳಿಗೆ ಟಕಟಕ ಚುಚ್ಚಿದರೆ ಮುಗಿಯಿತು. ಸೂಜಿ ಸುಧಾರಿಸಿದಷ್ಟು ಬೇಗ ಸಾಹೇಬರು ಸುಧಾರಿಸಲಿಲ್ಲ, ಆ ವಿಷಯಕ್ಕೆ ಬರುತ್ತೇನೆ.

ನಮ್ಮ ಕೆಲಸ ಸೂಜಿಯದಾದರೂ ನಮ್ಮ ಗುದ್ದಾಟವೆಲ್ಲ ಅಡಿಗೆಮನೆಯ ಜೊತೆ. ಮನೆಯಲ್ಲಿ ಒಬ್ಬರಿಗೆ ದೇವಿ ಬಂದರೆ ಸಾಕು, ಇಡೀ ಮನೆಯ ಊಟ ಬದಲಾಗುತ್ತಿತ್ತು. ಎಣ್ಣೆಯ ಬುಟ್ಟಿ, ಅಂದರೆ ಬಾಣಲೆ, ಒಲೆಗೆ ಏರುವಂತಿಲ್ಲ. ಒಗ್ಗರಣೆಯ ಚುಂಯ್ ಎಂಬ ಸದ್ದು ಕೇಳಿದರೆ ದೇವಿತಾಯಿಗೆ ಸಿಟ್ಟು ಬರುತ್ತದೆ, ಅದರ ಘಾಟು ಮಲಗಿದವರ ಮೂಗಿಗೆ ಹೋದರೆ ಕಣ್ಣು ಕಿತ್ತುಕೊಂಡು ಹೋಗುತ್ತಾಳೆ. ಕರಿದದ್ದಿಲ್ಲ, ಹುರಿದದ್ದಿಲ್ಲ, ತಿನ್ನುವವರ ಮನೆಯಲ್ಲಿ ಮಾಂಸವಿಲ್ಲ. ತಣ್ಣನೆಯ ಅಂಬಲಿ, ಮೊಸರು, ಉಪ್ಪು ಮಾತ್ರ ಹಾಕಿ ಬೇಯಿಸಿದ ಬೇಳೆ. ರೋಗಿಗೆ ಮಾತ್ರವಲ್ಲ, ಗಟ್ಟಿಮುಟ್ಟಾಗಿ ಮಿಲ್ಲಿಗೆ ಹೋಗುವ ಗಂಡಸಿಗೂ ಅದೇ. ಇಲ್ಲಿ ಒಂದು ಶಾಸ್ತ್ರಚರ್ಚೆಯೂ ನಡೆಯುತ್ತಿತ್ತು. ಸೊಲ್ಲಾಪುರದವರಿಗೆ ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಶೇಂಗಾ ಹುರಿದು ಖಾರ ಹಾಕಿ ಕುಟ್ಟಿದ ಪುಡಿ ಅದು. ದೇವಿ ಬರುವ ಮೊದಲೇ ಹುರಿದಿಟ್ಟ ಶೇಂಗಾದ ಹಿಂಡಿ ತಿನ್ನಬಹುದೋ ಬೇಡವೋ? ಇದರ ಬಗ್ಗೆ ಓಣಿಯ ಮುದುಕಿಯರು ಹೈಕೋರ್ಟಿನ ವಕೀಲರ ಹಾಗೆ ವಾದಿಸುವುದನ್ನು ಕೇಳಿದ್ದೇನೆ. ಮಗುವಿಗೆ ಲಸಿಕೆ ಹಾಕಿಸಬೇಕೋ ಬೇಡವೋ ಎಂಬುದಕ್ಕೆ ಅವರಿಗೆ ಅದರ ಅರ್ಧ ಹೊತ್ತೂ ಬೇಕಾಗುತ್ತಿರಲಿಲ್ಲ. ಬೇಡ.

ರೋಗಿಗಳನ್ನು ಹುಡುಕುವುದು ನಮ್ಮ ಮುಖ್ಯ ಕೆಲಸವಾಗಿತ್ತು. ಒಬ್ಬ ರೋಗಿ ಸಿಕ್ಕರೆ ಅವನನ್ನು ಬೇರೆ ಇಟ್ಟು, ಸುತ್ತಲಿನವರಿಗೆಲ್ಲ ಚುಚ್ಚಿ, ರೋಗವನ್ನು ಅಲ್ಲಿಯೇ ನಿಲ್ಲಿಸಬಹುದು. ಮೊದಲಾದರೆ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿರುತ್ತಿದ್ದರು, ದೂರದಿಂದಲೇ ಗೊತ್ತಾಗುತ್ತಿತ್ತು. ನಾವು ಹುಡುಕಲು ಶುರುಮಾಡಿದ ಮೇಲೆ ತೊಪ್ಪಲು ಒಳಕೋಣೆಗೆ ಹೋಯಿತು. ರೋಗಿ ಸಿಕ್ಕರೆ ಜೀಪು ಬರುತ್ತದೆ, ಬಾಗಿಲಲ್ಲಿ ಕಾವಲಿಗೆ ಪೊಲೀಸ ಕೂರುತ್ತಾನೆ, ಓಣಿಯವರು ನೀರು ಕೊಡುವುದನ್ನೂ ಬಿಡುತ್ತಾರೆ ಎಂದು ಜನ ಕಂಡುಕೊಂಡಿದ್ದರು. ಅವರು ಮುಚ್ಚಿಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ.

ಅಂಥ ದಿನಗಳಲ್ಲಿ ಮೈಂದರ್ಗಿಗೆ ಹೋಗಿದ್ದೆ. ಮಧ್ಯಾಹ್ನದ ಅಡಿಗೆಯ ಹೊತ್ತು, ಹಸಿದ ಹೊಟ್ಟೆ. ಹಸಿದವಳ ಮೂಗು ಚುರುಕಾಗಿರುತ್ತದೆ. ಒಂದು ಓಣಿಯ ಮನೆಮನೆಯಿಂದಲೂ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು, ಕೊನೆಯ ಮನೆಯಿಂದ ಮಾತ್ರ ಏನೂ ಇಲ್ಲ. ಒಲೆಯ ಹೊಗೆ ಇದೆ, ರೊಟ್ಟಿ ಬಡಿಯುವ ಸಪ್ಪಳ ಇದೆ, ಒಗ್ಗರಣೆ ಇಲ್ಲ. ನೀರು ಕೇಳುವ ನೆಪ ಮಾಡಿ ಒಳಗೆ ಹೋದೆ. ಧಾನ್ಯದ ಚೀಲಗಳ ಹಿಂದೆ ಹಾಸಿಗೆಯ ಮೇಲೆ ಒಬ್ಬಳು ಹುಡುಗಿ ಮೈತುಂಬ ದೇವಿ ಹೊತ್ತು ಮಲಗಿದ್ದಳು. ಅವಳು ಉಳಿದಳು, ಓಣಿಯಲ್ಲಿ ಇನ್ನೊಬ್ಬರಿಗೆ ಹತ್ತಲಿಲ್ಲ.

ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ನಮ್ಮ ಮೇಲಿನ ಅಧಿಕಾರಿ ಪಾಠಕ್ ಸಾಹೇಬರಿಗೆ ಹೋಗಿ ಹೇಳಿದೆ. ಅವರು ಪುಣೆಯ ಕಡೆಯವರು, ಮರಾಠಿ ಬಿಟ್ಟರೆ ಇಂಗ್ಲಿಷ್, ಹಳ್ಳಿಗೆ ಬಂದರೆ ಜೀಪಿನಿಂದ ಒಂದು ಕಾಲು ಮಾತ್ರ ಕೆಳಗಿಡುವವರು. ನನ್ನ ಮಾತು ಕೇಳಿ ಅವರ ಕಣ್ಣು ಹೊಳೆಯಿತು. ವಾರ ಕಳೆಯುವುದರೊಳಗೆ ಅದು 'ಪದ್ಧತಿ' ಆಯಿತು. ಪದ್ಧತಿ ಆದ ಮೇಲೆ ಸುತ್ತೋಲೆ ಬಂತು, ಸುತ್ತೋಲೆಯ ಹಿಂದೆ ಫಾರ್ಮಿನಲ್ಲಿ ಒಂದು ಹೊಸ ಅಂಕಣ ಬಂತು. ಒಗ್ಗರಣೆ: ಇದೆ, ಇಲ್ಲ. ಯಾವುದು ಬೇಡವೋ ಅದನ್ನು ಹೊಡೆದುಹಾಕಿ.

ನಾನು ಮೊದಲೇ ಹೇಳಿದ ಟ್ರೇನಿಂಗ್ ಇದೇ. ಆಫೀಸಿನ ಸಿಪಾಯಿ ವರಾಂಡದಲ್ಲಿ ಸ್ಟೋವ್ ಹಚ್ಚಿ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಂದೊಂದಾಗಿ ಹಾಕಿದ. ನಾವೆಲ್ಲ ಕಣ್ಣು ಮುಚ್ಚಿ ನಿಂತು ಯಾವುದರ ವಾಸನೆ ಎಂದು ಹೇಳಬೇಕು. ಹುಟ್ಟಿದಾಗಿನಿಂದ ಒಲೆಯ ಮುಂದೆ ಕೂತವರಿಗೆ ಈ ಪರೀಕ್ಷೆ. ಮೆಣಸಿನಕಾಯಿ ಬಿದ್ದಾಗ ಸಾಹೇಬರಿಗೆ ಸೀನು ಹತ್ತಿತು. ಮೂರು ಕರವಸ್ತ್ರ ತೋಯ್ದವು. ಕೆಂಪು ಮೂಗಿನಲ್ಲೇ ಅವರು ಭಾಷಣ ಮುಗಿಸಿದರು, ನಾವೂ ಸಿಪಾಯಿಯೂ ಚಪ್ಪಾಳೆ ತಟ್ಟಿದೆವು. ಮಧ್ಯಾಹ್ನ ಆ ಒಗ್ಗರಣೆಗೆ ಚುರುಮುರಿ ಕಲಸಿ ಸಿಪಾಯಿಯೇ ಎಲ್ಲರಿಗೂ ಹಂಚಿದ. ಆ ದಿನ ಆದ ಉಪಯೋಗದ ಕೆಲಸ ಅದೊಂದೇ.

ಇನ್ನು ನನ್ನ ಮೂಗಿನ ಪರಾಕ್ರಮ ಕೇಳಿ. ಕಂದಲಗಾಂವದ ಹೊರಗೆ ಕುರಿ ಸಾಕುವ ಬೀರಪ್ಪ ಎಂಬ ಮುದುಕನ ಮನೆ. ಅಲ್ಲಿ ಒಗ್ಗರಣೆ ಬಂದಾಗಿದೆ ಎಂದು ನೆರೆಯವಳು ಹೇಳಿದಳು. ನಾನು ಹೋಗಿ ನಿಂತೆ, ಮೂಸಿದೆ. ಬೇಳೆ ಬೇಯುತ್ತಿದೆ, ವಾಸನೆ ಸಪ್ಪೆ. ಬೀರಪ್ಪನ ಸೊಸೆ ಹೊರಗೆ ಬಂದಳು.

"ಯಾಕವ್ವ, ಒಗ್ಗರಣಿ ಹಾಕಿಲ್ಲೇನು?" ಎಂದೆ.

ಅವಳು ಸೆರಗು ಮುಂದೆಳೆದುಕೊಂಡು, "ದೇವರದು ಅದ ಬಾಯಾರ. ಕೇಳಬ್ಯಾಡ್ರಿ" ಎಂದಳು.

ಇಷ್ಟು ಸಾಲದೇ? ನಾನು ಓಡುತ್ತ ಹೋಗಿ ಸುದ್ದಿ ಕಳಿಸಿದೆ. ಜೀಪು ಬಂತು, ಸಾಹೇಬರು ಬಂದರು, ಒಬ್ಬ ಪೊಲೀಸನೂ ಬಂದ. ಊರು ಸೇರಿತು. ಮನೆಯ ಮೂಲೆಮೂಲೆ ಹುಡುಕಿದೆವು. ಒಬ್ಬರ ಮೈಮೇಲೂ ಒಂದು ಗುಳ್ಳೆ ಇಲ್ಲ. ಕಡೆಗೆ ಬೀರಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಎದುರು ಬಂದ.

"ನಂದೊಂದು ಟಗರು ಕಳದಾದ. ಅದು ಸಿಗೋತನಾ ಮನ್ಯಾಗ ಒಗ್ಗರಣಿ ಹಾಕಂಗಿಲ್ಲಂತ ಬೀರೋಬ ದೇವರಿಗಿ ಬೇಡ್ಕೊಂಡೀನಿ. ಅದಕ್ಯಾಕ ಪೊಲೀಸ?"

ಇದನ್ನು ಸಾಹೇಬರಿಗೆ ಮರಾಠಿಯಲ್ಲಿ ಹೇಳುವ ಕರ್ಮ ನನ್ನದು. ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಟಗರಿಗೆ ಜ್ವರ ಇತ್ತೇ ಕೇಳು ಎಂದರು. ಬೀರಪ್ಪ ಜೀಪನ್ನೇ ನೋಡುತ್ತಿದ್ದ. "ಹೆಂಗೂ ಗಾಡಿ ತಂದೀರಿ. ಒಂದ ಸುತ್ತ ಹಳ್ಳದ ಕಡಿ ಹೋಗಿ ಬರ್ರಲ್ಲ" ಎಂದ. ಸಾಹೇಬರು ನೆರಳಲ್ಲಿ ಕೂತು ಮನೆಯವರಿಗೆಲ್ಲ ಇನ್ನೊಮ್ಮೆ ಲಸಿಕೆ ಹಾಕಿಸುವಷ್ಟರಲ್ಲಿ ಡ್ರೈವರ್ ಮುದುಕನನ್ನು ಕೂರಿಸಿಕೊಂಡು ಹೋಗಿ ಟಗರನ್ನು ಜೀಪಿನ ಹಿಂದೆ ಹಾಕಿಕೊಂಡು ಬಂದ. ಅಂದು ಸಂಜೆ ಆ ಮನೆಯಲ್ಲಿ ಘಮ್ಮೆನ್ನುವ ಒಗ್ಗರಣೆ ಬಿತ್ತು. ಸಾಹೇಬರು ವರದಿಯಲ್ಲಿ 'ಕಂದಲಗಾಂವ: ಶೋಧ ಯಶಸ್ವಿ' ಎಂದು ಬರೆದರು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಆದರೆ ಬೀರಪ್ಪ ಸುಮ್ಮನಿರಬೇಕಲ್ಲ. ಸಂತೆಯಲ್ಲಿ ಸಿಕ್ಕವರಿಗೆಲ್ಲ, ದೇವಿ ಬಾಯಿ ಅಡಿಗೆಮನೆ ಮೂಸಿ ಟಗರು ಹುಡುಕಿಕೊಟ್ಟಳು ಎಂದು ಹೊಗಳಿದ. ಹೊಗಳಿಕೆಯಲ್ಲಿ ನನ್ನ ಗುಟ್ಟು ಬಯಲಾಯಿತು. ಆ ಬಾಯಿ ಒಗ್ಗರಣೆ ಮೂಸುತ್ತಾಳೆ, ಇಲ್ಲದಿದ್ದರೆ ಜೀಪು ತರುತ್ತಾಳೆ ಎಂಬ ಸುದ್ದಿ ಹಳ್ಳಿಯಿಂದ ಸೊಲ್ಲಾಪುರದ ಪೇಠೆಗೆ ನಾನು ಬಸ್ಸಿನಲ್ಲಿ ಬರುವ ಮೊದಲೇ ಬಂದು ಮುಟ್ಟಿತ್ತು.

ಪೇಠೆಯಲ್ಲಿ ಗುರುಲಿಂಗಪ್ಪ ಸಾವಕಾರರು ಎಂದು ಎಣ್ಣೆ ಮತ್ತು ಕಿರಾಣಿಯ ವ್ಯಾಪಾರಿ ಇದ್ದರು. ಕೆಳಗೆ ಅಂಗಡಿ, ಅದರ ಹಿಂದೆಯೂ ಮೇಲೂ ಮನೆ. ದೇವಿಯ ಗುಲ್ಲು ಎದ್ದಾಗ ಅವರ ಗಿರಾಕಿಗಳು ಕಡಿಮೆಯಾಗಿದ್ದರು. ರೋಗ ಬಂದ ಮನೆ ಇರಲಿ, ಬರಬಹುದೆಂದು ಹೆದರಿದ ಮನೆಯವರೂ ಕರಿಯುವುದು, ಹುರಿಯುವುದು ಬಿಟ್ಟಿದ್ದರು. ಎಸ್‌ಟಿ ಬಸ್ ಸ್ಟ್ಯಾಂಡಿನ ಭಜಿ ಮಾರುವವನು ತನ್ನ ಭಜಿಯನ್ನು ತಾನೇ ತಿನ್ನುತ್ತ ಕೂತಿರುತ್ತಿದ್ದ. ಈಗ ಗಾಳಿ ತಿರುಗಿತು. ಒಗ್ಗರಣೆ ಇಲ್ಲದ ಮನೆಗೆ ಜೀಪು ಬರುತ್ತದಂತೆ ಎಂದ ಕೂಡಲೇ ಇಡೀ ಪೇಠೆ ಒಗ್ಗರಣೆಗೆ ಬಿತ್ತು. ನಾನು ಓಣಿಯಲ್ಲಿ ಕಾಲಿಟ್ಟರೆ ಸಾಕು, ಈ ಕಡೆ ಚುಂಯ್, ಆ ಕಡೆ ಚುಂಯ್. ನಡುಮಧ್ಯಾಹ್ನ ಉಂಡು ಮಲಗಿದವರೂ ಎದ್ದು ಬುಟ್ಟಿ ಕಾಯಿಸುತ್ತಿದ್ದರು. ತಾಯಿ ಸಿಟ್ಟಾದಾಳೆಂಬ ಭಯಕ್ಕಿಂತ ಸರಕಾರ ಬಂದೀತೆಂಬ ಭಯ ದೊಡ್ಡದಾಯಿತು. ಸಾವಕಾರರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೈಮುಗಿಯುತ್ತಿದ್ದರು.

"ಬರ್ರಿ ಬಾಯಾರ, ಕುಂದರ್ರಿ. ಚಾ ತರಸ್ತೀನಿ. ನಿಮ್ಮ ಮೂಗು ನನ್ನ ಅಂಗಡಿ ನಡಸಾಕತ್ತದ ನೋಡ್ರಿ. ಸಾಸಿವಿ ಖಾಲಿ ಆಗ್ಯಾದ, ಸಾಸಿವಿ! ನಮ್ಮ ಈರಣ್ಣಗ ಖರೀದಿಗೆ ಉತ್ತರದ ಕಡಿ ಕಳಿಸೀನಿ."

ಈರಣ್ಣ ಅವರ ಒಬ್ಬನೇ ಮಗ. ಅವನ ಹೆಂಡತಿ ಶಾಂತಾ, ಅವಳ ಮಡಿಲಲ್ಲಿ ಇನ್ನೂ ಕುತ್ತಿಗೆ ನಿಲ್ಲದ ಕೂಸು. ಆ ಕೂಸಿಗೆ ಲಸಿಕೆ ಹಾಕಿಸಿ ಎಂದು ನಾನು ಹೋದಾಗಲೆಲ್ಲ ಗೋಗರೆಯುತ್ತಿದ್ದೆ. ಸಾವಕಾರರ ಹೆಂಡತಿ ನೀಲವ್ವನದು ಒಂದೇ ಉತ್ತರ. "ಮಗಳ ಮದುವಿ ಅದ. ಕೂಸಿಗಿ ಜರ ಬಂದು ಚಿರಚಿರ ಅಂದ್ರ ಬೀಗರ ಮುಂದ ಛಲೋ ಕಾಣತದೇನು? ಮದುವಿ ಮುಗೀಲಿ." ಬೀಗರು ಅಕ್ಕಲಕೋಟೆಯವರು, ದೊಡ್ಡ ಕುಳ. ಶಾಂತಾ ಒಳಬಾಗಿಲ ಹಿಂದೆ ನಿಂತಿರುತ್ತಿದ್ದಳು. ಹಿರಿಯರ ಮುಂದೆ ಆ ಮನೆಯ ಸೊಸೆ ಮಾತಾಡುವಂತಿಲ್ಲ, ಹೊರಗಿನವರೊಡನೆ ಅಂತೂ ಇಲ್ಲವೇ ಇಲ್ಲ. ಒಮ್ಮೆ ಮಾತ್ರ, ನಾನು ಸೂಜಿಯ ಡಬ್ಬಿ ತೆಗೆದಾಗ, ಅವಳು ಕೂಸಿನ ಅಂಗಿಯ ತೋಳನ್ನು ಮೆಲ್ಲಗೆ ಮೇಲಕ್ಕೆ ಮಡಚಿದ್ದಳು. ಅತ್ತೆ ಅದನ್ನು ಕೆಳಗೆಳೆದಳು. ನಾನು ಡಬ್ಬಿ ಮುಚ್ಚಿ ಎದ್ದು ಬಂದೆ.

ಇತ್ತ ನಮ್ಮ ಸಾಹೇಬರಿಗೆ ಹಬ್ಬ. ಎಲ್ಲ ಫಾರ್ಮುಗಳಲ್ಲೂ 'ಒಗ್ಗರಣೆ ಇದೆ, ಇದೆ, ಇದೆ'. ಜಿಲ್ಲೆ ಸ್ವಚ್ಛವಾಯಿತು ಎಂದು ಮೇಲಿನವರಿಗೆ ಬರೆದರು. ಜನ ನಾಟಕಕ್ಕೆ ಒಗ್ಗರಣೆ ಹಾಕುತ್ತಿದ್ದಾರೆ ಎಂದು ನಾನು ತಿಳಿಸಿ ಹೇಳಿದೆ. ಪದ್ಧತಿ ನಿನ್ನದೇ, ಈಗ ನೀನೇ ಅನುಮಾನ ಪಡುತ್ತೀಯಾ ಎಂದು ನನ್ನನ್ನೇ ಗದರಿಸಿದರು. ವಾಸನೆ ಬಂದ ಮನೆಯೊಳಗೆ ಹೋಗಿ ಹೊತ್ತು ಹಾಳುಮಾಡಬಾರದು ಎಂಬ ಇನ್ನೊಂದು ಸುತ್ತೋಲೆ ಬಂತು. ಈ ಸುತ್ತೋಲೆಯಿಂದ ನಿಜವಾಗಿ ರೋಗ ಇದ್ದ ಮನೆಯವರಿಗೆ ಎಷ್ಟು ಅನುಕೂಲವಾಯಿತೆಂದು ಬೇರೆ ಹೇಳಬೇಕೇ?

ಸಾವಕಾರರ ಮನೆಯ ಮದುವೆ ಹತ್ತಿರ ಬಂದಿತ್ತು. ಅವರ ಓಣಿಯಲ್ಲಿ ಹೊರಟಿದ್ದೆ. ಅಂಗಡಿಯ ಪಕ್ಕದ ಬಾಗಿಲಲ್ಲಿ, ಬೀದಿಗೆ ಮುಖ ಮಾಡಿ ಇದ್ದಲಿನ ಶೆಗಡಿ ಇಟ್ಟುಕೊಂಡು, ನೀಲವ್ವ ತಾನೇ ಕೂತು ಒಗ್ಗರಣೆ ಹಾಕುತ್ತಿದ್ದಳು. ಘಾಟಿಗೆ ಎದುರಿನ ಬಟ್ಟೆ ಅಂಗಡಿಯವರು ಕೆಮ್ಮುತ್ತಿದ್ದರು. ಸಾಸಿವೆ ಸಿಡಿದು ಕಪ್ಪಾಗಿ ಸೀದುಹೋಗುತ್ತಿತ್ತು, ಅದರ ಮೇಲೆ ಸುರಿಯಲು ಹತ್ತಿರ ಬೇಳೆಯಿಲ್ಲ, ಪಲ್ಯವಿಲ್ಲ. ಅವಳ ತುಟಿ ಅಲುಗುತ್ತಿತ್ತು. ನಾನು ಬಂದದ್ದನ್ನು ಕಾಣದೆ ಪಿಸುಗುಡುತ್ತಿದ್ದಳು.

"ಸಿಟ್ಟಾಗಬ್ಯಾಡ ನಮ್ಮವ್ವ. ಇದು ನಿನಗ ಹಾಕಿದ್ದಲ್ಲ, ಸರಕಾರಕ್ಕ ಹಾಕಿದ್ದು."

ನನಗೆ ನಗು ಬಂತು, ಮರುಕ್ಷಣವೇ ಹಿತ್ತಲ ಕಡೆ ಮೂಗು ತಿರುಗಿತು. ಮದುವೆಯ ಮನೆ, ಅದೂ ಎಣ್ಣೆ ವ್ಯಾಪಾರಿಯ ಮನೆ. ಈ ಹೊತ್ತಿಗೆ ಹಿತ್ತಲಲ್ಲಿ ದೊಡ್ಡ ಕಡಾಯಿ ಏರಿ ಕರಚಿಕಾಯಿ, ಚಕ್ಕುಲಿ ಕರಿಯುತ್ತಿರಬೇಕು, ನೆಂಟರ ಹೆಂಗಸರು ಉಂಡಿ ಕಟ್ಟುತ್ತಿರಬೇಕು. ಹಿತ್ತಲು ತಣ್ಣಗಿತ್ತು. ಬೀದಿಯಲ್ಲಿ ಮಾತ್ರ ಒಂದು ಬುಟ್ಟಿ ಸಾಸಿವೆ ಸೀಯುತ್ತಿತ್ತು.

ಸುತ್ತೋಲೆಯ ಪ್ರಕಾರ ನಾನು 'ಇದೆ' ಎಂದು ಬರೆದು ಮುಂದೆ ಹೋಗಬೇಕು. ಒಳಗೆ ಹೋಗುವ ಹಕ್ಕು ಸರಕಾರ ಕಿತ್ತುಕೊಂಡಿತ್ತು. ಆದರೆ ನಮ್ಮ ಕಡೆ ಹಸಿವೆ ಎಂದು ಬಾಗಿಲಲ್ಲಿ ನಿಂತವರನ್ನು ಉಣ್ಣಿಸದೆ ಕಳಿಸುವ ಮನೆ ಇರಲಿಲ್ಲ, ಮದುವೆಯ ಮನೆಯಲ್ಲಂತೂ ಸಾಧ್ಯವೇ ಇಲ್ಲ. ಅದು ಯಾವ ಸುತ್ತೋಲೆಗೂ ಬಗ್ಗದ ಕಾನೂನು.

"ನೀಲವ್ವನವರ, ಭಾಳ ಹಸಿವಿ ಆಗ್ಯಾದ. ಒಂದ ತುತ್ತು ಹಾಕ್ರಿ" ಎಂದೆ.

ಅವಳ ಕೈಯಲ್ಲಿನ ಸವಟು ನಿಂತಿತು. "ಅಡಿಗಿ ಇನ್ನಾ ಆಗಿಲ್ಲರಿ."

"ಒಗ್ಗರಣಿ ಆಗ್ಯಾದಲ್ಲ? ಅದು ಯಾತಕ್ಕ ಬಿದ್ದಾದೋ ಅದನ್ನ ಹಾಕ್ರಿ."

ಬೀದಿಯಲ್ಲಿ ನಾಲ್ಕು ಜನ ನೋಡುತ್ತಿದ್ದರು. ಇಲ್ಲ ಎನ್ನುವ ಹಾಗಿರಲಿಲ್ಲ. ಆದರೆ ನೀಲವ್ವನೇನು ಕಡಿಮೆಯವಳಲ್ಲ. ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ಒಳಗೆ ಕೂಗಿದಳು. "ಶಾಂತಾ, ಬಾಯಾರಿಗಿ ರೊಟ್ಟಿ, ಉಪ್ಪಿನಕಾಯಿ, ಶೇಂಗಾ ಹಿಂಡಿ ಹಾಕಿ ಕೊಡು. ಬ್ಯಾಳಿ ಮುಗದಾದ." ಉಪ್ಪಿನಕಾಯಿಗೆ ವರ್ಷದ ಹಿಂದಿನ ಒಗ್ಗರಣೆ, ಹಿಂಡಿ ಎಂದೋ ಕುಟ್ಟಿಟ್ಟದ್ದು. ಆ ತಾಟಿನಲ್ಲಿ ಗುಟ್ಟು ಹಿಡಿಯುವುದಕ್ಕೆ ಏನೂ ಇರುತ್ತಿರಲಿಲ್ಲ. ನಾನು ಸೋತೆ ಎಂದುಕೊಂಡೆ.

ಶಾಂತಾ ತಾಟು ತಂದು ನನ್ನ ಮುಂದಿಟ್ಟಳು. ಉಪ್ಪಿನಕಾಯಿ ಇರಲಿಲ್ಲ. ಶೇಂಗಾ ಹಿಂಡಿಯ ಒಂದು ಚಿಟಿಕೆಯೂ ಇರಲಿಲ್ಲ. ಒಗ್ಗರಣೆ ಕಾಣದ ಬಿಳಿಚಿಕೊಂಡ ಬೇಳೆ, ಒಂದು ಬಟ್ಟಲು ತಣ್ಣನೆಯ ಅಂಬಲಿ, ಮೊಸರು. ಉಪ್ಪು ಬಡಿಸುವ ಅಂಚಿನಲ್ಲಿ ಎರಡು ಬೇವಿನ ಎಲೆ.

ನಾನು ತಲೆ ಎತ್ತಿದೆ. ಬಡಿಸಿದ ಸೊಸೆ ಬಾಗಿಲ ಹಿಂದೆ ಹೋಗಬೇಕು. ಅವಳು ಹೋಗಲಿಲ್ಲ, ಅಲ್ಲೇ ನಿಂತಿದ್ದಳು. ನೀಲವ್ವ ತಾಟು ನೋಡಿದಳು, ಸೊಸೆಯನ್ನು ನೋಡಿದಳು. ಮಾತಾಡಬಾರದು ಎಂದು ಸೊಸೆಗೆ ಕಲಿಸಿದವಳೇ ಅವಳು. ಬಡಿಸಬಾರದು ಎಂದು ಕಲಿಸುವುದನ್ನು ಮರೆತಿದ್ದಳು.

ಅನ್ನಕ್ಕೆ ಅವಮಾನವಾಗಬಾರದೆಂದು ಒಂದಿಷ್ಟು ತುತ್ತು ನುಂಗಿದೆ. ನನಗೆ ಭಯವಾಗಿತ್ತು, ಸಿಟ್ಟೂ ಬಂದಿತ್ತು. ತಾಟು ಅರ್ಧಕ್ಕೇ ಬಿಟ್ಟು ಕೈ ತೊಳೆದೆ.

"ಯಾರಿಗೆ ಬಂದಾಳ? ಕೂಸಿಗೇನು?"

"ಇಲ್ಲ, ಇಲ್ಲ!" ನೀಲವ್ವ ಅಳತೊಡಗಿದಳು. "ಈರಣ್ಣಗ. ಖರೀದಿ ಮುಗಿಸಿ ಬಂದ, ಜರ ಬಂತು, ಈಗ ಮೈತುಂಬ ಎದ್ದಾವ. ಮಾಡಿಮ್ಯಾಲ ಮಲಗ್ಯಾನ. ಮದುವಿ ಮುಗಿಯೋತನಾ ತಡೀರಿ ಬಾಯಾರ, ನಿಮ್ಮ ಕಾಲ ಬೀಳತೀನಿ. ಬೀಗರು ತಿರಗಿ ಹೋದ್ರ ನನ್ನ ಮಗಳ ಗತಿ ಏನು?"

"ಬೀಗರಿಗೆ ಹೋಳಗಿ ಬಡಸ್ತೀರೋ, ದೇವಿನ ಬಡಸ್ತೀರೋ? ಅವರ ಮನ್ಯಾಗೂ ಕೂಸುಗೋಳು ಅದಾವ."

ಅಷ್ಟರಲ್ಲಿ ಸಾವಕಾರರು ಅಂಗಡಿಯಿಂದ ಒಳಗೆ ಬಂದರು. ಪರಿಸ್ಥಿತಿ ಒಂದೇ ನೋಟಕ್ಕೆ ಅರ್ಥವಾಯಿತು. ವ್ಯಾಪಾರಿ ಮನುಷ್ಯ, ಅಳಲಿಲ್ಲ, ಕೂಗಾಡಲಿಲ್ಲ. ದನಿ ತಗ್ಗಿಸಿ, "ಬಾಯಾರ, ಒಂದ ಡಬ್ಬಿ ಶೇಂಗಾ ಎಣ್ಣಿ ಮನಿಗಿ ಕಳಸ್ತೀನಿ. ಹೊಸಾ ಗಾಣದ್ದು" ಎಂದರು.

"ಸರಕಾರಕ್ಕ ಒಗ್ಗರಣಿ ಹಾಕಾಕೇನ್ರಿ?" ಎಂದೆ.

ಈ ಮಾತಿನ ನಡುವೆ ಶಾಂತಾ ಒಳಗೆ ಹೋದದ್ದನ್ನು ನಾನು ಗಮನಿಸಿರಲಿಲ್ಲ. ಕೂಸನ್ನು ಎತ್ತಿಕೊಂಡು ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತಳು. ಅಂಗಿಯ ತೋಳು ಆಗಲೇ ಮೇಲಕ್ಕೆ ಮಡಚಿತ್ತು. ಅತ್ತೆ ಕೈ ಚಾಚಿದಳು. ಶಾಂತಾ ಅವಳಿಗೆ ಬೆನ್ನು ತಿರುಗಿಸಿ ಕೂತಳು, ಅಷ್ಟೇ. ನಾನು ಸೂಜಿ ಅದ್ದಿ ಚುಚ್ಚಿದೆ. ಕೂಸು ಪೇಠೆಗೆಲ್ಲ ಕೇಳುವಂತೆ ಕಿರುಚಿತು. ನನ್ನ ಕೆಲಸದ ವರ್ಷಗಳಲ್ಲಿ ಅಷ್ಟು ಇಂಪಾದ ಕಿರುಚಾಟ ಇನ್ನೊಂದು ಕೇಳಿಲ್ಲ.

ಮುಂದಿನದು ನಿಮಗೆ ಗೊತ್ತಿರುವಂಥದ್ದೇ. ಜೀಪು, ಕಾವಲು, ಓಣಿಗೆಲ್ಲ ಲಸಿಕೆ. ಮದುವೆ ಮುಂದೆ ಹೋಯಿತು. ಬೀಗರಿಗೂ ಅವರ ಮನೆಯವರಿಗೂ ಚುಚ್ಚಿ ಬಂದೆ. ಅವರು ಸಿಡಿಮಿಡಿಗೊಂಡರೂ ಸಂಬಂಧ ಬಿಡಲಿಲ್ಲ. ಎಣ್ಣೆ ವ್ಯಾಪಾರಿಯ ಹೆಣ್ಣನ್ನು ಅಷ್ಟು ಸುಲಭವಾಗಿ ಯಾರು ಬಿಡುತ್ತಾರೆ? ಸಾಹೇಬರು ರೋಗಿಯನ್ನು ಹೇಗೆ ಪತ್ತೆ ಹಚ್ಚಿದೆ ಎಂದು ಕೇಳಿದರು. ಊಟ ಮಾಡಿ ಪತ್ತೆ ಹಚ್ಚಿದೆ ಸಾಹೇಬ, ಎಂದೆ. ಅವರಿಗೆ ಅದು ಹಿಡಿಸಲಿಲ್ಲ. ಅಂದು ಆ ಓಣಿಯಲ್ಲಿ ಎಲ್ಲರಿಗಿಂತ ಜೋರಾದ ಒಗ್ಗರಣೆ ಬಿದ್ದದ್ದು ಅದೇ ಮನೆಯಲ್ಲಿ. ಆದರೂ ವರದಿಯಲ್ಲಿ 'ವಾಸನಾ ಪದ್ಧತಿಯಿಂದ ಪತ್ತೆ' ಎಂದು ಬರೆದರು. ಆ ವರದಿಯಿಂದ ಅವರಿಗೆ ಪುಣೆಗೆ ವರ್ಗವಾಯಿತು. ಜಿಲ್ಲೆಗೆ ಅದರಿಂದ ಆದ ಒಳ್ಳೆಯದನ್ನು ಯಾರೂ ಬರೆದಿಡಲಿಲ್ಲ.

ಈರಣ್ಣ ಉಳಿದ. ಮುಖವೆಲ್ಲ ಕಲೆ ಬಿದ್ದು, ಒಂದು ಕಣ್ಣು ಮಂಜಾಯಿತು. ಅದಕ್ಕೆ ಕಾರಣ ರೋಗ ಎಂದು ನಾನು ಹೇಳಿದೆ. ನೀಲವ್ವ ಒಪ್ಪಲಿಲ್ಲ. "ಸರಕಾರದ ಒಗ್ಗರಣಿ ನನ್ನ ಮಗನ ಕಣ್ಣು ತಿಂತು" ಎಂದಳು. ಮುಚ್ಚಿಟ್ಟದ್ದು ತಪ್ಪಲ್ಲ, ಕೂಸಿನ ತೋಳು ಕೆಳಗೆಳೆದದ್ದು ತಪ್ಪಲ್ಲ, ಸಾಸಿವೆಯದ್ದೇ ತಪ್ಪು. ಕಡೆಯ ತನಕ ಹಾಗೇ ಹೇಳುತ್ತಿದ್ದಳು. ಮೂಸುವ ಸರಕಾರ ಇರದಿದ್ದರೆ ಅವಳು ಬೀದಿಯಲ್ಲಿ ಕೂತು ಸಾಸಿವೆ ಸುಡುತ್ತಿರಲಿಲ್ಲ ಎಂಬುದೂ ಸುಳ್ಳಲ್ಲ. ಅದನ್ನು ನೆನೆದಾಗ ನನಗೆ ಈಗಲೂ ಇರುಸುಮುರುಸಾಗುತ್ತದೆ.

ಕೂಸಿಗೆ ಏನೂ ಆಗಲಿಲ್ಲ. ತೋಳಿನ ಗಾಯ ಉಬ್ಬಿ, ಹುರುಪೆ ಕಟ್ಟಿ ಉದುರಿತು, ಒಂದು ದುಂಡನೆಯ ಕಲೆ ಉಳಿಯಿತು.

ದೇವಿತಾಯಿಯನ್ನು ಪೂಜೆ ಮಾಡಿ ಕಳಿಸಿಕೊಟ್ಟು, ಮನೆ ತೊಳೆದು, ಮತ್ತೆ ಒಲೆಗೆ ಎಣ್ಣೆ ಏರಿಸಿದ ದಿನ ನನಗೆ ಊಟಕ್ಕೆ ಕರೆ ಬಂತು. ಕರೆದದ್ದು ಸಾವಕಾರರು. ನೀಲವ್ವ ಒಗ್ಗರಣೆಗೆ ಎಷ್ಟು ಮೆಣಸಿನಕಾಯಿ ಸುರಿದಿದ್ದಳೆಂದರೆ, ಪಡಸಾಲೆಯಲ್ಲಿ ಕೂತ ನನಗೆ ಮೂಗಿನಲ್ಲೂ ಕಣ್ಣಲ್ಲೂ ನೀರು. ನನ್ನ ಮೂಗಿನ ಮೇಲಿನ ಸೇಡನ್ನು ಅವಳು ಆ ಬೇಳೆಯಲ್ಲಿ ತೀರಿಸಿಕೊಂಡಳು. ಶಾಂತಾ ಬಡಿಸಲು ಬಂದಳು. ಅವಳ ಕಂಕುಳಲ್ಲಿದ್ದ ಕೂಸು ನನ್ನ ಚೀಲ ಕಂಡದ್ದೇ ತಡ, ಬಾಯಿ ತೆರೆದು ಅಳತೊಡಗಿತು. ತಾಟಿನಲ್ಲಿ ಈ ಸಲ ಎಲ್ಲ ಇತ್ತು. ಉಪ್ಪಿನಕಾಯಿ, ಶೇಂಗಾ ಹಿಂಡಿ, ಮೇಲೆ ತೇಲುವ ಕರಿಬೇವು. ಅತ್ತೆ ಒಳಗಿದ್ದಳು, ಮಾವ ಎದುರಿಗೇ ಕೂತಿದ್ದರು. ಶಾಂತಾ ಬಗ್ಗಿ ಬೇಳೆ ಹಾಕುತ್ತ, ಮೊದಲನೆಯ ಸಲ ನನ್ನೊಡನೆ ಮಾತಾಡಿದಳು, ಎಲ್ಲರಿಗೂ ಕೇಳುವ ಹಾಗೆ.

"ಇವತ್ತರ ಹೊಟ್ಟಿ ತುಂಬ ಉಣ್ರಿ ಬಾಯಾರ. ಅವತ್ತ ಅರ್ಧಕ್ಕ ಎದ್ದೀರಿ."

ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.